ವಿಶೇಷಣಕ್ಕೆ ಸಾಕ್ಷಿ ಎಲ್ಲಿ?

ಮಾರ್ಚ್ ಮುಗಿಯುತ್ತಿದ್ದಂತೆ ಮಂಗಳೂರಿನ ಬ್ಯಾಂಕು, ಸಾಫ್ಟ್‌ವೇರ್ ಕಂಪನಿ, ಆಸ್ಪತ್ರೆ, ಕಾಲೇಜುಗಳಲ್ಲಿ ಅಪ್ರೈಸಲ್ ಎಂಬ ವಾರ್ಷಿಕ ವಿಧಿ ಶುರುವಾಗುತ್ತದೆ. ಒಬ್ಬ ನೌಕರ ವರ್ಷವಿಡೀ ಮಾಡಿದ ಕೆಲಸವನ್ನು ಮೇಲಿನವರು ಒಂದೆರಡು ಪುಟಗಳ ಇಂಗ್ಲಿಷ್ ನಮೂನೆಯೊಳಗೆ ತುಂಬಿಸಬೇಕು. ನಮೂನೆ ಯಾವ ಸಂಸ್ಥೆಯದೇ ಇರಲಿ, ಭಾಷೆ ಹೆಚ್ಚುಕಡಿಮೆ ಒಂದೇ: ಸಿನ್ಸಿಯರ್, ಹಾರ್ಡ್‌ವರ್ಕಿಂಗ್, ಪ್ರೊಆ್ಯಕ್ಟಿವ್, ಅಸರ್ಟಿವ್, ಮನಸ್ಸಿಗೆ ಬಾರದವರಿಗೆ ರಿಜಿಡ್, ಪ್ಯಾಸಿವ್, ಡಿಫಿಕಲ್ಟ್. ಎಲ್ಲವೂ ವಿಶೇಷಣಗಳು. ಬರೆಯುವವರ ಮನೆಮಾತು ಗುಜರಾತಿಯೋ ತೆಲುಗೋ ಆಗಿರಬಹುದು, ಬರೆಸಿಕೊಳ್ಳುವವರದು ತುಳುವೋ ಕೊಂಕಣಿಯೋ ಬ್ಯಾರಿಯೋ ಆಗಿರಬಹುದು. ಇಬ್ಬರನ್ನೂ ಕೂಡಿಸುವುದು ಇಬ್ಬರೂ ಶಾಲೆಯಲ್ಲಿ ಕಲಿತ ಇಂಗ್ಲಿಷ್. ಆ ಇಂಗ್ಲಿಷಿನಲ್ಲಿ ಬರೆದ ಒಂದೇ ಒಂದು ವಿಶೇಷಣ ಒಬ್ಬರ ಬಡ್ತಿಯನ್ನು, ವರ್ಗಾವಣೆಯನ್ನು, ಇನ್‌ಕ್ರಿಮೆಂಟನ್ನು ತೀರ್ಮಾನಿಸುತ್ತದೆ. ಹಲವು ನುಡಿ, ಹಲವು ರೂಢಿಯ ಜನ ಒಟ್ಟಿಗೆ ದುಡಿಯುವ ಕಡೆ ಸಾಕ್ಷಿಯಿಲ್ಲದ ವಿಶೇಷಣವನ್ನು ವರದಿಯಲ್ಲಿ ಬರೆಯಲು ಬಿಡಬಾರದು ಎಂಬುದು ಈ ಲೇಖನದ ವಾದ. ಏನು ಮಾಡಿದರು, ಯಾವಾಗ ಮಾಡಿದರು, ಅದರಿಂದ ಏನಾಯಿತು ಎಂಬ ವಾಕ್ಯ ಮೊದಲು ಬರಲಿ. ವಿಶೇಷಣ ಬರುವುದಿದ್ದರೆ ಅದರ ಹಿಂದೆ ಬರಲಿ.

ಮಂಗಳೂರಿಗೆ ಇದು ದೂರದ ಚರ್ಚೆಯಲ್ಲ. 1906ರಲ್ಲಿ ಇಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿ ಮುಂದೆ ಮಂಗಳೂರಿಗೆ ಕೇಂದ್ರ ಕಚೇರಿ ತಂದ ಕಾರ್ಪೊರೇಷನ್ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್ ಎಲ್ಲವೂ ಊರಿನವರು ಊರಿನವರಿಗಾಗಿ ಕಟ್ಟಿಕೊಂಡ ಸಂಸ್ಥೆಗಳು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಸೇರಿಹೋದವು. ವಡೋದರ, ಮುಂಬೈ, ಹೈದರಾಬಾದ್ ಕಡೆಯ ಅಧಿಕಾರಿಗಳು ಕರಾವಳಿಯವರ ವರದಿ ಬರೆಯುವುದೂ, ಕರಾವಳಿಯವರು ದೇಶದ ಮೂಲೆಮೂಲೆಯವರ ವರದಿ ಬರೆಯುವುದೂ ಈಗ ಮಾಮೂಲು. 1990ರ ದಶಕದ ನಡುವೆ ಇನ್ಫೋಸಿಸ್ ಇಲ್ಲಿಗೆ ಬಂದ ಮೇಲೆ ಬೆಳೆದ ಸಾಫ್ಟ್‌ವೇರ್ ಉದ್ಯೋಗದಲ್ಲಿ ಅಭಿಪ್ರಾಯ ಬರೆಯುವ ಕ್ಲೈಂಟ್ ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತಿರುತ್ತಾನೆ. ದುಬೈ, ಕುವೈತ್, ದೋಹಾಗಳಲ್ಲಿರುವ ಕರಾವಳಿಯ ಮಂದಿಗೆ ಹತ್ತು ದೇಶಗಳ ಮೇಲಧಿಕಾರಿಗಳು ಹೊಸಬರಲ್ಲ. ಇಷ್ಟೆಲ್ಲ ಬಗೆಯ ಜನರ ನಡುವೆ ತೀರ್ಪು ಸಾಗಿಸುವ ಬಂಡಿ ಇಂಗ್ಲಿಷಿನ ವಿಶೇಷಣವೇ ಆಗಿರುವಾಗ ಆ ಬಂಡಿಯ ಕೀಲು ಎಲ್ಲೆಲ್ಲಿ ಸಡಿಲ ಎಂದು ನೋಡುವುದು ವ್ಯಾಕರಣ ಮೇಷ್ಟ್ರುಗಳ ಕೆಲಸವಷ್ಟೇ ಅಲ್ಲ.

ಇಂಗ್ಲಿಷ್ ವಿಶೇಷಣಕ್ಕೆ ವಾಕ್ಯದಲ್ಲಿ ಮುಖ್ಯವಾಗಿ ಎರಡು ಜಾಗ: ನಾಮಪದದ ಮುಂದೆ, ಅಥವಾ 'ಈಸ್' ಎಂಬ ಕ್ರಿಯಾಪದದ ನಂತರ. ಜಾಗ ಬದಲಾದರೆ ಅರ್ಥವೂ ಬದಲಾಗುವುದುಂಟು. 'ದ ಲೇಟ್ ಚೇರ್ಮನ್' ಎಂದರೆ ಅಧ್ಯಕ್ಷರು ತೀರಿಕೊಂಡಿದ್ದಾರೆ. 'ದ ಚೇರ್ಮನ್ ಈಸ್ ಲೇಟ್' ಎಂದರೆ ಇನ್ನೂ ಬಂದಿಲ್ಲ ಅಷ್ಟೇ. ಭಾಷಾವಿಜ್ಞಾನಿ ಡ್ವೈಟ್ ಬೋಲಿಂಜರ್ 1967ರ ಒಂದು ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದ ಹಾಗೆ, ನಾಮಪದದ ಮುಂದೆ ಕೂತ ವಿಶೇಷಣ ಬಹಳ ಸಲ ತಾತ್ಕಾಲಿಕ ಸ್ಥಿತಿಯನ್ನು ಬಿಟ್ಟು ಶಾಶ್ವತ ಗುಣವನ್ನು ಹೇಳತೊಡಗುತ್ತದೆ. 'ಎ ಡಿಫಿಕಲ್ಟ್ ಎಂಪ್ಲಾಯಿ' ಎಂದು ಬರೆದರೆ ಆ ನೌಕರ ಇಂದಿಗೂ ಮುಂದಕ್ಕೂ ಕಷ್ಟದ ಮನುಷ್ಯ. 'ಈಸ್' ಬಳಸಿದರೂ ದೊಡ್ಡ ಪರಿಹಾರವಿಲ್ಲ. ಸಿಟ್ಟು ಬಂದಿರುವವನನ್ನೂ ಪ್ರಾಮಾಣಿಕನನ್ನೂ ಇಂಗ್ಲಿಷ್ ಒಂದೇ ಅಚ್ಚಿನಲ್ಲಿ ಹೇಳುತ್ತದೆ: ಹಿ ಈಸ್ ಆ್ಯಂಗ್ರಿ, ಹಿ ಈಸ್ ಆನೆಸ್ಟ್. ಮೊದಲನೆಯದು ಸಂಜೆಗೆ ಇಳಿದುಹೋಗುವ ಸ್ಥಿತಿ, ಎರಡನೆಯದು ಜೀವಮಾನದ ಗುಣ. ವಾಕ್ಯದ ರೂಪದಲ್ಲಿ ಮಾತ್ರ ವ್ಯತ್ಯಾಸವಿಲ್ಲ. ಇಂಗ್ಲಿಷಿಗೆ ಇದನ್ನು ಬೇರ್ಪಡಿಸುವ ಶಕ್ತಿ ಇಲ್ಲವೆಂದಲ್ಲ. 'ಹಿ ಈಸ್ ಬೀಯಿಂಗ್ ಡಿಫಿಕಲ್ಟ್' ಎಂದರೆ ಈಗ, ಈ ವಿಷಯದಲ್ಲಿ ಹಟ ಮಾಡುತ್ತಿದ್ದಾನೆ ಎಂದಷ್ಟೇ. ಆದರೆ ವರ್ಷದ ಕೊನೆಯಲ್ಲಿ ತುಂಬುವ ನಮೂನೆಯಲ್ಲಿ ಆ 'ಬೀಯಿಂಗ್' ಬೀಳುವುದೇ ಇಲ್ಲ. ಅಲ್ಲಿ ಉಳಿಯುವುದು ಒಂಟಿ ವಿಶೇಷಣ.

ಕನ್ನಡದ ಹಾದಿ ಬೇರೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಗುಣವಾಚಕವನ್ನು ನಾಮಪದದ ಒಂದು ಬಗೆಯೆಂದೇ ಕಲಿಸುತ್ತಾರೆ. ಈ ವಿಂಗಡಣೆಯ ಹಿಂದೆ ವೈಯಾಕರಣ ಕೇಶಿರಾಜನ ಪರಂಪರೆ ಇದೆ. ಅವನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ಫರ್ಡಿನಂಡ್ ಕಿಟ್ಟೆಲ್, 1903ರಲ್ಲಿ ಇದೇ ಊರಿನಿಂದ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನಮ್ಮ ಕಾಲದಲ್ಲಿ ಈ ಪ್ರಶ್ನೆಯನ್ನು ಜಾಗತಿಕ ಮಟ್ಟಕ್ಕೆ ಒಯ್ದವರು ಡಿ.ಎನ್. ಶಂಕರ ಭಟ್ಟರು. ವಿಶೇಷಣವೆಂಬ ವರ್ಗವನ್ನೇ ವಿಷಯವಾಗಿಟ್ಟುಕೊಂಡ ಅವರ ಇಂಗ್ಲಿಷ್ ಗ್ರಂಥ 1994ರಲ್ಲಿ ಬಂತು. ನಾಮಪದವನ್ನು ವಿಶೇಷಿಸುವುದು ವಿಶೇಷಣದ ಮೂಲ ಕೆಲಸ, ಬೇರೆ ಕೆಲಸಕ್ಕೆ ಹಚ್ಚಿದಾಗ ಅದು ಬೇರೆ ವರ್ಗದ ಲಕ್ಷಣಗಳನ್ನು ಹೊದ್ದುಕೊಳ್ಳಬೇಕಾಗುತ್ತದೆ ಎಂಬುದು ಅಲ್ಲಿನ ಒಂದು ಮುಖ್ಯ ವಿಚಾರ. ಕನ್ನಡಿಗರಿಗೆ ಇದು ದಿನನಿತ್ಯದ ಅನುಭವ. 'ಒಳ್ಳೆಯ ಹುಡುಗಿ' ಎನ್ನಬಹುದು, 'ಹುಡುಗಿ ಒಳ್ಳೆಯ' ಎಂದು ನಿಲ್ಲಿಸಲಾಗದು. 'ಒಳ್ಳೆಯವಳು' ಎಂದು ಹೇಳಿ ವಾಕ್ಯ ಮುಗಿಸಬೇಕು. ಸ್ಥಿತಿಯ ಮಾತು ಬಂದಾಗ ಕನ್ನಡ ಚತುರ್ಥಿ ವಿಭಕ್ತಿಗೆ ಹೊರಳುತ್ತದೆ. ಅವನಿಗೆ ಸಿಟ್ಟು ಬಂದಿದೆ, ಅವಳಿಗೆ ಧೈರ್ಯ ಸಾಲಲಿಲ್ಲ, ನನಗೆ ಬೇಸರವಾಗಿದೆ. ಸಿಟ್ಟು ಬರುತ್ತದೆ, ಹೋಗುತ್ತದೆ. ಮನುಷ್ಯ ಅದು ಬಂದು ಹೋಗುವ ಜಾಗ. ಹಸಿವನ್ನು ತುಳುವರು 'ಎಂಕ್ ಬಡವಾಪುಂಡು' ಎನ್ನುವುದೂ ಈ ಅಚ್ಚಿನಲ್ಲಿಯೇ. ಬೇರೆ ಭಾಷಾಕುಟುಂಬದ ಕೊಂಕಣಿಯಲ್ಲಿಯೂ ಹಸಿವೆ 'ಮ್ಹಾಕಾ' ಎಂದು 'ನನಗೆ' ಆಗುವಂಥದ್ದೇ.

ಇಷ್ಟು ಹೇಳಿದ ಕೂಡಲೇ ಒಂದು ಅಪಾಯ ಎದುರಾಗುತ್ತದೆ. ಭಾಷೆಯ ವ್ಯಾಕರಣವೇ ಆಡುವವರ ಬುದ್ಧಿಯನ್ನು ಕಟ್ಟಿಹಾಕುತ್ತದೆ, ಇಂಗ್ಲಿಷಿನವರು ಜನರಿಗೆ ಹಣೆಪಟ್ಟಿ ಹಚ್ಚುವವರು, ನಾವು ಹಾಗಲ್ಲ ಎಂದು ಬೀಗುವ ಅಪಾಯ. ಹಾಗೆ ಹೇಳಲು ಆಧಾರವಿಲ್ಲ. ಕನ್ನಡದಲ್ಲಿ ಸೋಮಾರಿ, ಹಟಮಾರಿ, ದಡ್ಡ, ಪೆದ್ದ, ಜಿಪುಣ ಎಂಬ ಪದಗಳೆಲ್ಲ ನೇರವಾಗಿ ನಾಮಪದಗಳೇ. ಇಂಗ್ಲಿಷಿನಲ್ಲಿ ಒಬ್ಬ ಲೇಜಿ ಆಗಿರುತ್ತಾನೆ, ಕನ್ನಡದಲ್ಲಿ ಅವನೇ ಸೋಮಾರಿಯಾಗಿಬಿಡುತ್ತಾನೆ. ಗುಣಕ್ಕೂ ವ್ಯಕ್ತಿಗೂ ನಡುವೆ ಕೂದಲೆಳೆಯಷ್ಟು ತೆರಪೂ ಉಳಿಯುವುದಿಲ್ಲ. ಆದ್ದರಿಂದ ಒಂದು ಭಾಷೆ ನ್ಯಾಯದ್ದು, ಇನ್ನೊಂದು ಅನ್ಯಾಯದ್ದು ಎಂಬ ಲೆಕ್ಕ ಇಲ್ಲಿಲ್ಲ. ಎರಡೂ ಭಾಷೆಗಳಲ್ಲಿ ಸ್ಥಿತಿಯನ್ನು ಗುಣವಾಗಿ ಬರೆಯುವ ದಾರಿ ಇದೆ, ಘಟನೆಯಾಗಿ ಬರೆಯುವ ದಾರಿಯೂ ಇದೆ. ಹೇಳಬೇಕಾದ್ದು ಇಷ್ಟೇ: ಕನ್ನಡದಲ್ಲಿಯೋ ತುಳುವಿನಲ್ಲಿಯೋ 'ಆ ದಿನ ಅವನಿಗೆ ಧೈರ್ಯ ಸಾಲಲಿಲ್ಲ' ಎಂದು ಸಹಜವಾಗಿ ಬರುವ ಮಾತು ಕಚೇರಿಯ ಇಂಗ್ಲಿಷಿಗೆ ದಾಟುವಾಗ 'ಹಿ ಈಸ್ ನಾಟ್ ಕಾನ್ಫಿಡೆಂಟ್' ಆಗುತ್ತದೆ. ದಾಟುವ ಹೊತ್ತಿನಲ್ಲಿ 'ಆ ದಿನ' ಕಳಚಿಬೀಳುತ್ತದೆ. ಓದುವ ಮೂರನೆಯವರಿಗೆ, ಅಂದರೆ ಮುಂಬೈಯಲ್ಲೋ ವಡೋದರದಲ್ಲೋ ಬಡ್ತಿಯ ಕಡತ ನೋಡುವ ಸಮಿತಿಗೆ, ಕಳಚಿಬಿದ್ದದ್ದು ಕಾಣುವ ಬಗೆಯಿಲ್ಲ.

ವರ್ತನೆಯನ್ನು ಗುಣದಿಂದ ವಿವರಿಸುವುದು, ಸಂದರ್ಭದಿಂದ ವಿವರಿಸುವುದು ಎಂಬ ಭೇದ ಎಲ್ಲ ಕಡೆ ಒಂದೇ ತೂಕದಲ್ಲಿ ಇರುವುದಿಲ್ಲ ಎಂಬುದಕ್ಕೆ ಅಳೆದು ನೋಡಿದ ಪುರಾವೆ ಇದೆ, ಅದರ ಒಂದು ಭಾಗ ನಮ್ಮ ಮೈಸೂರಿನದೇ. ಮನಶ್ಶಾಸ್ತ್ರಜ್ಞೆ ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಷಿಕಾಗೊದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ, ಮಕ್ಕಳಿಂದ ಹಿಡಿದು ವಯಸ್ಕರವರೆಗೆ, ತಮಗೆ ಗೊತ್ತಿದ್ದವರು ಮಾಡಿದ ಒಳ್ಳೆಯ ಮತ್ತು ಕೆಟ್ಟ ಕೆಲಸಗಳಿಗೆ ಕಾರಣ ಹೇಳಲು ಕೇಳಿದರು. ಒಂದು ಪ್ರಸಂಗ ಹೀಗಿತ್ತು: ವಕೀಲನೊಬ್ಬ ಮೋಟಾರ್ ಸೈಕಲ್ ಓಡಿಸುತ್ತಿದ್ದಾಗ ಹಿಂದಿನ ಚಕ್ರ ಸಿಡಿದು, ಹಿಂದೆ ಕೂತಿದ್ದವನು ಬಿದ್ದು ತಲೆಗೆ ಪೆಟ್ಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು, ಡಾಕ್ಟರನ್ನು ವಿಚಾರಿಸದೆ ಕೋರ್ಟಿಗೆ ಹೋದ. ಗಾಯಾಳು ಸತ್ತ. ಅಮೆರಿಕನ್ನರು ಹೆಚ್ಚಾಗಿ ವಕೀಲನ ಬೇಜವಾಬ್ದಾರಿಯ ಸ್ವಭಾವವನ್ನು ಬೆರಳಿಟ್ಟು ತೋರಿಸಿದರೆ, ಮೈಸೂರಿನವರು ಕಕ್ಷಿದಾರನ ಕಡೆಗಿದ್ದ ಕರ್ತವ್ಯ, ಗಾಬರಿ, ಗಾಯ ಅಷ್ಟು ಗಂಭೀರವಾಗಿ ಕಾಣದೆ ಇದ್ದಿರಬಹುದು ಎಂಬಂಥ ಕಾರಣಗಳನ್ನು ಮುಂದಿಟ್ಟರು. ಗಮನಿಸಬೇಕಾದ್ದು, ಎರಡೂ ಊರಿನ ಚಿಕ್ಕ ಮಕ್ಕಳ ನಡುವೆ ಇಂಥ ಅಂತರ ಬಹಳ ಕಡಿಮೆ. ವಯಸ್ಸು ಏರಿದಂತೆ ಅದು ಹಿಗ್ಗುತ್ತದೆ. ಎಂದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಬೆಳೆಯುತ್ತ ಕಲಿತದ್ದು. ಅದೇ ವರ್ಷ ರಿಚರ್ಡ್ ಶ್ವೆಡರ್ ಮತ್ತು ಎಡ್ಮಂಡ್ ಬೋರ್ನ್ ಭುವನೇಶ್ವರದ ಒಡಿಯಾ ಜನರನ್ನು ಅಮೆರಿಕನ್ನರ ಜೊತೆ ಹೋಲಿಸಿದಾಗ, ಪರಿಚಿತರನ್ನು ವರ್ಣಿಸಿ ಎಂದರೆ ಒಡಿಯಾದವರು ಆ ವ್ಯಕ್ತಿ ಯಾರಿಗೆ, ಎಲ್ಲಿ, ಏನು ಮಾಡುತ್ತಾರೆ ಎಂದು ಹೇಳುವುದು ಹೆಚ್ಚು, ಅಮೆರಿಕನ್ನರು ಗುಣದ ಹೆಸರು ಹೇಳುವುದು ಹೆಚ್ಚು ಎಂದು ಕಂಡರು. ಅನ್ನೆ ಮಾಸ್ ಮತ್ತು ಸಂಗಡಿಗರ 2006ರ ಅಧ್ಯಯನದಲ್ಲಿ ಇಟಲಿಯವರು ವಿಶೇಷಣದ ಕಡೆಗೂ ಜಪಾನಿನವರು ಕ್ರಿಯಾಪದದ ಕಡೆಗೂ ವಾಲಿದ್ದು ಕಂಡುಬಂತು. ಒಂದು ಕಚೇರಿಯಲ್ಲಿ ಈ ಎರಡೂ ರೂಢಿಯವರು ಅಕ್ಕಪಕ್ಕ ಕೂತರೆ, ಒಬ್ಬರು ಸಂದರ್ಭ ಹೇಳಿದ್ದು ಇನ್ನೊಬ್ಬರಿಗೆ ನೆಪವಾಗಿ ಕೇಳಿಸುತ್ತದೆ. ಒಬ್ಬರು ಗುಣ ಹೇಳಿದ್ದು ಇನ್ನೊಬ್ಬರಿಗೆ ಬೈಗುಳವಾಗಿ ಕೇಳಿಸುತ್ತದೆ.

ಒಂದು ಸಾಧಾರಣ ಸನ್ನಿವೇಶವನ್ನು ಊಹಿಸಿಕೊಳ್ಳಿ. ಹೊರರಾಜ್ಯದಿಂದ ಬಂದ ಶಾಖಾ ವ್ಯವಸ್ಥಾಪಕರು ಮಂಗಳೂರಿನ ಶಾಖೆಯ ಕಿರಿಯ ಅಧಿಕಾರಿಯ ಬಗ್ಗೆ 'ಪ್ಯಾಸಿವ್, ಲ್ಯಾಕ್ಸ್ ಇನಿಶಿಯೇಟಿವ್' ಎಂದು ಬರೆಯುತ್ತಾರೆ. ಮೀಟಿಂಗಿನಲ್ಲಿ ಆಕೆ ಬಾಯಿ ಬಿಡುವುದಿಲ್ಲ ಎಂಬುದು ಅವರು ಕಂಡದ್ದು. ಹಿರಿಯರು ಕೇಳುವವರೆಗೆ ಕಿರಿಯರು ನಡುವೆ ಬಾಯಿ ಹಾಕಬಾರದು ಎಂದು ಆಕೆ ಬೆಳೆದದ್ದು, ಮೀಟಿಂಗ್ ಪೂರ್ತಿ ಆಕೆಗೆ ಅಷ್ಟಕ್ಕಷ್ಟೇ ಬರುವ ಹಿಂದಿಯಲ್ಲಿ ನಡೆದದ್ದು, ಮೀಟಿಂಗ್ ಮುಗಿದ ಮೇಲೆ ಆಕೆಯೇ ಮೂವರು ಗ್ರಾಹಕರ ಸಾಲದ ಕಡತ ಸರಿಮಾಡಿ ಕಳಿಸಿದ್ದು, ಇವೊಂದೂ ಆ ಮೂರು ಪದಗಳಲ್ಲಿ ಇಲ್ಲ. ಅದರ ಬದಲು 'ವರ್ಷದಲ್ಲಿ ನಡೆದ ಆರು ಪರಿಶೀಲನಾ ಸಭೆಗಳಲ್ಲಿ ತಾವಾಗಿ ವಿಷಯ ಎತ್ತಲಿಲ್ಲ. ಕೇಳಿದಾಗ ಪೂರ್ಣ ಉತ್ತರ ಕೊಟ್ಟರು. ನವೆಂಬರಿನಲ್ಲಿ ಬಾಕಿ ಉಳಿದಿದ್ದ ಮೂರು ಸಾಲದ ಅರ್ಜಿಗಳನ್ನು ದಾಖಲೆ ತರಿಸಿ ವಾರದೊಳಗೆ ಮುಗಿಸಿದರು' ಎಂದು ಬರೆದಿದ್ದರೆ ದೋಷವೂ ಕಾಣುತ್ತಿತ್ತು, ಸಾಮರ್ಥ್ಯವೂ ಕಾಣುತ್ತಿತ್ತು. ಮುಂದಿನ ವರ್ಷ ಏನು ಬದಲಾಗಬೇಕು ಎಂಬುದು ಆಕೆಗೂ ತಿಳಿಯುತ್ತಿತ್ತು. 'ಪ್ಯಾಸಿವ್' ಎಂದು ಕರೆಸಿಕೊಂಡವರಿಗೆ ಸ್ವಭಾವ ಬದಲಿಸಿಕೋ ಎಂಬುದಕ್ಕಿಂತ ಬೇರೆ ಸೂಚನೆ ಸಿಗುವುದಿಲ್ಲ, ಸ್ವಭಾವ ಬದಲಿಸುವ ಗುರಿಯನ್ನು ಯಾವ ಬ್ಯಾಂಕಿನ ಟಾರ್ಗೆಟ್ ಪಟ್ಟಿಯಲ್ಲೂ ಸೇರಿಸಲಾಗದು.

ವಿಶೇಷಣದ ಇನ್ನೊಂದು ಸಡಿಲ ಕೀಲು ಪ್ರಮಾಣದ್ದು. ಇಂಗ್ಲಿಷ್ ವಿಶೇಷಣಕ್ಕೆ ತರ-ತಮ ಸೇರುತ್ತದೆ, ಅದರ ಮುಂದೆ 'ವೆರಿ', 'ಕ್ವೈಟ್', 'ರಾದರ್' ಬಂದು ನಿಲ್ಲುತ್ತವೆ. ಈ ಅಳತೆಗೋಲು ಊರೂರಿಗೆ ಬೇರೆ. 'ಕ್ವೈಟ್ ಗುಡ್' ಎಂದು ಅಮೆರಿಕದವರು ಬರೆದರೆ ಮೆಚ್ಚುಗೆ. ಬ್ರಿಟನ್ನಿನವರು ಬರೆದರೆ ಅಷ್ಟಕ್ಕಷ್ಟೆ. ಕನ್ನಡದ 'ಪರವಾಗಿಲ್ಲ' ಕೂಡ ಹೇಳುವ ಧಾಟಿಯ ಮೇಲೆ ಶಹಭಾಸ್‌ಗಿರಿಯಿಂದ ಉದಾಸೀನದವರೆಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕಾಗದದ ಮೇಲೆ ಧಾಟಿ ಇರುವುದಿಲ್ಲ. ಈ ಏರುಪೇರು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಸುಪ್ರೀಂ ಕೋರ್ಟೇ ದಾಖಲಿಸಿದೆ. 2008ರ ಮೇ ತಿಂಗಳ ದೇವ್ ದತ್ ಪ್ರಕರಣದಲ್ಲಿ, ಬಡ್ತಿಗೆ ಐದು ವರ್ಷ 'ವೆರಿ ಗುಡ್' ಬೇಕಿದ್ದ ಎಂಜಿನಿಯರೊಬ್ಬರಿಗೆ ಒಂದು ವರ್ಷ ಬರೀ 'ಗುಡ್' ಬಂದಿತ್ತು. ಅದನ್ನು ಅವರಿಗೆ ತಿಳಿಸಿರಲಿಲ್ಲ. 'ಗುಡ್' ಎಂಬುದು ಕೆಟ್ಟ ಮಾತಲ್ಲ, ಆದ್ದರಿಂದ ತಿಳಿಸಬೇಕಿರಲಿಲ್ಲ ಎಂಬುದು ಸರಕಾರದ ವಾದ. ಪದದ ಹೆಸರು ಮುಖ್ಯವಲ್ಲ, ಅದರ ಪರಿಣಾಮ ಮುಖ್ಯ. ಬಡ್ತಿ ತಪ್ಪಿಸಿದ 'ಗುಡ್' ಪ್ರತಿಕೂಲ ನಮೂದೇ ಸರಿ, ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದು ಕೋರ್ಟ್ ಹೇಳಿತು. 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿಯಿತು. ಒಳ್ಳೆಯದು ಎಂದು ಕರೆಸಿಕೊಂಡದ್ದೇ ಒಬ್ಬರ ವೃತ್ತಿಗೆ ಮುಳುವಾಯಿತು ಎಂದರೆ ವಿಶೇಷಣದ ಅಳತೆ ಎಷ್ಟು ಜಾರುವಂಥದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಇಂಗ್ಲಿಷಿನ ಪದಕ್ರಮವೇ ಈ ವಿಷಯದಲ್ಲಿ ಒಂದು ಎಚ್ಚರಿಕೆ ಕೊಡುತ್ತದೆ. ನಾಮಪದದ ಮುಂದೆ ಹಲವು ವಿಶೇಷಣಗಳು ಸಾಲಾಗಿ ಬಂದಾಗ ಅಭಿಪ್ರಾಯ ಹೇಳುವುದು ಎಲ್ಲಕ್ಕಿಂತ ದೂರದಲ್ಲಿ, ಆಮೇಲೆ ಗಾತ್ರ, ವಯಸ್ಸು, ಬಣ್ಣ. ಯಾವುದರಿಂದ ಮಾಡಿದ್ದು ಎಂಬುದು ನಾಮಪದಕ್ಕೆ ಅಂಟಿಕೊಂಡು ನಿಲ್ಲುತ್ತದೆ. 'ಚಂದದ ದೊಡ್ಡ ಹಳೆಯ ಮರದ ಪೆಟ್ಟಿಗೆ' ಎಂಬಲ್ಲಿ ಕನ್ನಡದ ಕಿವಿಗೂ ಇದೇ ಕ್ರಮ ಹಿತ. ಗ್ರೆಗರಿ ಸ್ಕಾಂಟ್ರಸ್ ಮತ್ತು ಸಂಗಡಿಗರು 2017ರಲ್ಲಿ ಇದರ ಹಿಂದಿನ ಸೂತ್ರವನ್ನು ಪ್ರಯೋಗದಿಂದ ತೋರಿಸಿದರು: ಯಾವ ವಿಶೇಷಣದ ಬಗ್ಗೆ ಇಬ್ಬರು ತಪ್ಪಿಲ್ಲದೆ ಭಿನ್ನಾಭಿಪ್ರಾಯ ಹೊಂದಬಹುದೋ, ಅಂದರೆ ಯಾವುದು ಹೆಚ್ಚು ವ್ಯಕ್ತಿನಿಷ್ಠವೋ, ಅದು ವಸ್ತುವಿನಿಂದ ಹೆಚ್ಚು ದೂರ ನಿಲ್ಲುತ್ತದೆ. ಪೆಟ್ಟಿಗೆ ಮರದ್ದೋ ಕಬ್ಬಿಣದ್ದೋ ಎಂದು ಜಗಳ ಬಂದರೆ ಒಬ್ಬರು ತಪ್ಪು. ಚಂದವೋ ಅಲ್ಲವೋ ಎಂದು ಬಂದರೆ ಇಬ್ಬರೂ ಸರಿ. ನಮ್ಮ ಅಪ್ರೈಸಲ್ ನಮೂನೆಗಳನ್ನು ತುಂಬುವುದು ಈ ದೂರದ ಪದಗಳಿಂದಲೇ. ಸ್ಕಲನ್, ಮೌಂಟ್ ಮತ್ತು ಗಾಫ್ 2000ದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮ್ಯಾನೇಜರುಗಳಿಗೆ ಮೇಲಧಿಕಾರಿಗಳು, ಸಮಾನರು, ಕೈಕೆಳಗಿನವರು ಕೊಟ್ಟ ರೇಟಿಂಗ್‌ಗಳನ್ನು ಬಿಡಿಸಿ ನೋಡಿದಾಗ, ಅಂಕಗಳ ಏರಿಳಿತದ ಅರ್ಧಕ್ಕಿಂತ ಹೆಚ್ಚು ಪಾಲು ಅಂಕ ಕೊಟ್ಟವರ ಸ್ವಂತ ಒಲವಿನಿಂದ ಬಂದದ್ದು ಎಂದು ತಿಳಿಯಿತು. ವರದಿ ಯಾರ ಬಗ್ಗೆ ಇದೆಯೋ ಅವರಿಗಿಂತ ಬರೆದವರ ಬಗ್ಗೆಯೇ ಹೆಚ್ಚು ಹೇಳುತ್ತಿತ್ತು.

ಒಲವಿಗೆ ಮತ್ತೂ ಒಂದು ಮುಖ ಇದೆ. ನಮ್ಮವನು ತಪ್ಪಿದರೆ 'ಅವತ್ತು ಲೇಟಾಗಿ ಬಂದ' ಎಂದು ಕ್ರಿಯಾಪದದಲ್ಲಿ ಹೇಳುತ್ತೇವೆ. ಹೊರಗಿನವನು ತಪ್ಪಿದರೆ 'ಶಿಸ್ತಿಲ್ಲದವನು' ಎಂದು ಗುಣವಾಗಿ ಹೇಳುತ್ತೇವೆ. ಒಳ್ಳೆಯ ಕೆಲಸಕ್ಕೆ ಇದು ತಿರುವುಮುರುವು. 1989ರಲ್ಲಿ ಮಾಸ್ ತಂಡ ಇಟಲಿಯ ಕುದುರೆ ಪಂದ್ಯದ ಪೈಪೋಟಿಯ ಕೇರಿಗಳಲ್ಲಿ ಇದನ್ನು ಮೊದಲು ಗುರುತಿಸಿತು. ಆಮೇಲೆ ಹಲವು ದೇಶಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಹೆಂಗಸರ ವಿಷಯದಲ್ಲಿ ಇದರ ಬಿಸಿ ಹೆಚ್ಚು. 2014ರಲ್ಲಿ ಕೀರನ್ ಸ್ನೈಡರ್ ಅಮೆರಿಕದ ತಂತ್ರಜ್ಞಾನ ಕಂಪನಿಗಳ ಅಪ್ರೈಸಲ್‌ಗಳನ್ನು ಒಟ್ಟುಮಾಡಿ ಓದಿದಾಗ, ಒರಟು ಸ್ವಭಾವ ಎಂಬರ್ಥದ 'ಅಬ್ರೇಸಿವ್' ಪದ ಹೆಂಗಸರ ವರದಿಗಳಲ್ಲಿ ಮತ್ತೆ ಮತ್ತೆ ಬಂದಿತ್ತು, ಗಂಡಸರ ವರದಿಗಳಲ್ಲಿ ಒಮ್ಮೆಯೂ ಇರಲಿಲ್ಲ. ಕರಾವಳಿಯವರೂ ಈ ಆಟದಿಂದ ಹೊರಗಿಲ್ಲ. 'ಘಟ್ಟದ ಮೇಲಿನವರು' ಎಂದು ಶುರುವಾಗುವ ಮಾತುಗಳು ಹೇಗೆ ಮುಗಿಯುತ್ತವೆ ಎಂದು ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮದನ್ನು 'ಬುದ್ಧಿವಂತರ ಜಿಲ್ಲೆ' ಎಂದು ಕರೆಸಿಕೊಂಡು ಖುಷಿಪಡುವುದೂ ಅದೇ ರೋಗದ ಸಿಹಿ ರೂಪ. ಪರೀಕ್ಷೆಯ ಫಲಿತಾಂಶ ಎಂಬ ಘಟನೆಯನ್ನು ಇಡೀ ಜನದ ಗುಣವಾಗಿ ಹಿಗ್ಗಿಸಿದ್ದೇವೆ. ಸಂದರ್ಶನದ ಮೇಜಿನಲ್ಲಿ ಆ ವಿಶೇಷಣ ಲಾಭ ತರಬಹುದು. ಬೀದರಿನ ಹುಡುಗನಿಗೆ ಆಗ ತಟ್ಟುವ ನಷ್ಟದ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಮೊದಲನೆಯದು ಸಮಯದ್ದು: ನಲವತ್ತು ಜನರ ವರದಿ ಬರೆಯಬೇಕಾದ ವ್ಯವಸ್ಥಾಪಕರು ಪ್ರತಿಯೊಬ್ಬರಿಗೂ ಘಟನೆ ಹುಡುಕುತ್ತ ಕೂತರೆ ಶಾಖೆ ನಡೆಸುವವರು ಯಾರು? ಮಾರ್ಚಿನಲ್ಲಿ ಕೂತು ಹುಡುಕಿದರೆ ಕಷ್ಟ ನಿಜ. ತಿಂಗಳಿಗೊಮ್ಮೆ ಒಂದು ಸಾಲು ಗುರುತು ಹಾಕಿಕೊಂಡರೆ ಕಷ್ಟವಿಲ್ಲ. ಗುರುತು ಹಾಕಿಕೊಳ್ಳುವಷ್ಟೂ ಗಮನ ಕೊಡಲಾಗದವರ ಬಗ್ಗೆ ಶಾಶ್ವತ ತೀರ್ಪು ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯೂ ಉಳಿಯುತ್ತದೆ. ಎರಡನೆಯದು, ಪದ ಬೇಡವಾದರೆ ಅಂಕ ಕೊಟ್ಟರಾಯಿತು ಎಂಬುದು. ಕೇಂದ್ರ ಸರಕಾರ ಗೋಪ್ಯ ವರದಿಯನ್ನು ಕೈಬಿಟ್ಟು ನೌಕರರಿಗೆ ಪೂರ್ತಿ ತೋರಿಸುವ ವರದಿ ತಂದಾಗ ಹತ್ತರವರೆಗಿನ ಅಂಕಪದ್ಧತಿಯನ್ನೂ ತಂದಿತು. ಆದರೆ 'ನಾಯಕತ್ವ: 6' ಎಂಬುದು ಅಂಕೆಯ ವೇಷ ತೊಟ್ಟ ವಿಶೇಷಣವೇ. ರೇಟಿಂಗ್‌ಗಳಲ್ಲಿ ಕೊಟ್ಟವರ ಒಲವೇ ಹೆಚ್ಚು ಎಂಬ ಅಧ್ಯಯನ ನಡೆದದ್ದೂ ಅಂಕಗಳ ಮೇಲೆಯೇ. ಜನರನ್ನು ಮೇಲೆ-ಕೆಳಗೆ ಎಂದು ಬಲವಂತವಾಗಿ ವಿಂಗಡಿಸುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ಅಂಕೆ ಬೇಡವೆಂದಲ್ಲ, ಯಾವ ಕೆಲಸಕ್ಕೆ ಆ ಅಂಕೆ ಎಂಬುದು ಪಕ್ಕದಲ್ಲಿರಬೇಕು.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಬಿಡಿಬಿಡಿ ಘಟನೆಗಳನ್ನು ಪೋಣಿಸಿದರೆ ಮನುಷ್ಯನ ಒಟ್ಟು ಚಹರೆ ಕಾಣುವುದಿಲ್ಲ. ಸತತವಾಗಿ ಬೇಜವಾಬ್ದಾರನಾದವನು ಪ್ರತಿಯೊಂದು ಘಟನೆಗೂ ಒಂದೊಂದು ಸಂದರ್ಭ ಹೇಳಿ ಪಾರಾಗುತ್ತಾನೆ, ಮೈಸೂರಿನವರು ಆ ವಕೀಲನಿಗೆ ಕಾರಣ ಹುಡುಕಿಕೊಟ್ಟಂತೆ. ಇದು ನಿಜ. ಸಂದರ್ಭದ ರೂಢಿ ಮಿತಿಮೀರಿದರೆ ಯಾರೂ ಯಾವುದಕ್ಕೂ ಹೊಣೆಯಾಗದ ಕಚೇರಿ ತಯಾರಾಗುತ್ತದೆ, ಅಂಥ ಕಚೇರಿಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅದಕ್ಕೆಂದೇ ಈ ವಾದ ವಿಶೇಷಣವನ್ನು ನಿಷೇಧಿಸುವುದಿಲ್ಲ, ಅದಕ್ಕೆ ಬೆಲೆ ಕಟ್ಟುತ್ತದೆ. ದಿನಾಂಕವಿರುವ ನಾಲ್ಕು ಘಟನೆಗಳು ಒಂದೇ ದಿಕ್ಕಿಗೆ ಬೆರಳು ಮಾಡಿದರೆ 'ಬೇಜವಾಬ್ದಾರಿ' ಎಂದು ಧಾರಾಳವಾಗಿ ಬರೆಯಬಹುದು. ಆಗ ಅದನ್ನು ಅಲ್ಲಗಳೆಯುವುದೂ ನೌಕರನಿಗೆ ಕಷ್ಟ. ಸಾಕ್ಷಿ ಕೇಳುವ ಪದ್ಧತಿ ಸೋಮಾರಿಗೆ ರಕ್ಷಣೆಯಲ್ಲ, ಬರೀ ವಿಶೇಷಣದ ಮರೆಯಲ್ಲಿ ವಾದಿಸಿ ಪಾರಾಗುತ್ತಿದ್ದವನಿಗೆ ಅದು ಹೆಚ್ಚು ಕಷ್ಟ. ನಾಲ್ಕನೆಯವರು ಕೇಳುವುದು: ಜಾಗತಿಕ ಕಂಪನಿಯಲ್ಲಿ ದುಡಿಯಬೇಕಾದರೆ 'ಅಸರ್ಟಿವ್' ಆಗಲೇಬೇಕು, ನಮ್ಮ ರೂಢಿ ಬಿಟ್ಟು ಅವರದನ್ನು ಕಲಿತರೆ ಏನು ತಪ್ಪು? ಏನೂ ತಪ್ಪಿಲ್ಲ. ಆದರೆ ಕಲಿಯಬೇಕಾದ್ದು ಏನು ಎಂದು ಆ ಪದ ಹೇಳುವುದಿಲ್ಲ. 'ಗಡುವು ಸಾಧ್ಯವಿಲ್ಲವೆಂದು ಗೊತ್ತಾದ ದಿನವೇ ಕ್ಲೈಂಟಿಗೆ ಬರೆದು ತಿಳಿಸಬೇಕು' ಎಂದರೆ ಮಂಗಳೂರು ಬಳಿಯ ಮುಡಿಪುವಿನ ಹುಡುಗಿಗೂ ಮ್ಯೂನಿಕ್‌ನ ಹುಡುಗನಿಗೂ ಒಂದೇ ಅರ್ಥ.

ಇದಕ್ಕೆ ಹೊಸ ಶಾಸ್ತ್ರ ಬೇಕಾಗಿಲ್ಲ. ಕೆಲಸ ಕೆಡಿಸಿದ ಅಥವಾ ಗೆಲ್ಲಿಸಿದ ನಿರ್ದಿಷ್ಟ ಘಟನೆಗಳನ್ನು ದಾಖಲಿಸುವ ಕ್ರಮವನ್ನು ಜಾನ್ ಫ್ಲ್ಯಾನಗನ್ 1954ರಲ್ಲೇ ವಿವರಿಸಿದ್ದಾರೆ. ಸಂದರ್ಭ, ವರ್ತನೆ, ಪರಿಣಾಮ ಎಂಬ ಮೂರು ಮೆಟ್ಟಿಲಿನ ಫೀಡ್‌ಬ್ಯಾಕ್ ಅನೇಕ ಕಂಪನಿಗಳ ತರಬೇತಿಯಲ್ಲಿ ಈಗಾಗಲೇ ಇದೆ. ತರಬೇತಿಯ ಕೋಣೆಯಲ್ಲಿ ಕಲಿಸಿದ್ದು ನಮೂನೆಯಲ್ಲಿ ಇಲ್ಲ ಎಂಬುದಷ್ಟೇ ಕೊರತೆ. ಆದ್ದರಿಂದ ಮೂರು ಸಣ್ಣ ಬದಲಾವಣೆಗಳನ್ನು ನಮ್ಮ ಸಂಸ್ಥೆಗಳು ಮುಂದಿನ ಮಾರ್ಚಿಗೆ ಮೊದಲೇ ಮಾಡಬಹುದು. ನಮೂನೆಯಲ್ಲಿ ಪ್ರತಿ ಗುಣದ ಪಕ್ಕ ದಿನಾಂಕ ಸಮೇತ ಎರಡು ಘಟನೆಗಳ ಜಾಗ ಇರಲಿ, ಅದು ಖಾಲಿ ಇದ್ದರೆ ಗುಣದ ಕಾಲಂ ಲೆಕ್ಕಕ್ಕೆ ಬಾರದಿರಲಿ. ನೌಕರರು ತಮ್ಮ ಉತ್ತರವನ್ನು ತಮಗೆ ಸಲೀಸಾದ ಭಾಷೆಯಲ್ಲಿ, ಕನ್ನಡದಲ್ಲಿಯೂ, ಬರೆಯಲು ಅವಕಾಶವಿರಲಿ. ಇಂಗ್ಲಿಷ್ ವಿಶೇಷಣಕ್ಕೆ ಇಂಗ್ಲಿಷ್ ವಿಶೇಷಣದಲ್ಲಿಯೇ ಉತ್ತರಿಸಬೇಕೆಂಬ ಒತ್ತಾಯ ಈಗಾಗಲೇ ಸೋತವರನ್ನು ಎರಡನೆಯ ಸಲ ಸೋಲಿಸುತ್ತದೆ. ಹೊರಗಿನಿಂದ ಬಂದ ಮೇಲಧಿಕಾರಿ ಮೊದಲ ವರ್ಷ ಬರೆದ ವರದಿಯನ್ನು ಆ ಊರಿನ ರೂಢಿ ಬಲ್ಲ ಇನ್ನೊಬ್ಬ ಅಧಿಕಾರಿ ಓದಿ ಸಹಿ ಹಾಕಲಿ. ಹೊರಗೆ ಹೋದ ಮಂಗಳೂರಿನ ಅಧಿಕಾರಿಗೂ ಇದೇ ನಿಯಮ ಅನ್ವಯಿಸಲಿ. ತಮ್ಮ ಬಗ್ಗೆ ಬರೆದದ್ದನ್ನು ಓದುವ ಹಕ್ಕನ್ನು ಸರಕಾರಿ ನೌಕರರಿಗೆ ಸುಪ್ರೀಂ ಕೋರ್ಟ್ ಕೊಡಿಸಿದೆ. ಯಾವ ದಿನದ, ಯಾವ ಕೆಲಸ ನೋಡಿ ಹೀಗೆ ಬರೆದಿರಿ ಎಂದು ಕೇಳುವ ಹಕ್ಕನ್ನು ಸಂಸ್ಥೆಗಳು ತಾವಾಗಿಯೇ ಕೊಡಬಹುದು. ಉತ್ತರ ಇರುವ ಮ್ಯಾನೇಜರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.